ಆ ಕೊಠಡಿ ಎಲ್ಲಿದೆ ಎಂದು ಯಾರನ್ನು ಕೇಳುವುದು?

ಎರಡು ಸಂಚಿಕೆಗಳ ಹಿಂದೆ ಈ ಅಂಕಣದಲ್ಲಿ ಸುರಕ್ಷಾ ಕ್ಲಿನಿಕ್‌ಗಳ ಬಗ್ಗೆ, ಅಂದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳಿಗೆ ಉಚಿತವಾಗಿ ತಪಾಸಣೆ ಮಾಡಿ ಔಷಧ ಕೊಡುವ ಕೊಠಡಿಗಳ ಬಗ್ಗೆ, ನಾಲ್ಕು ಸಾಲು ಬರೆದಿದ್ದೆ. ಎಚ್‌ಐವಿ ತಡೆಯುವ ಕೆಲಸ ಹಬ್ಬಬೇಕಾದರೆ ಇಂತಹ ಕೊಠಡಿಗಳೂ, ಸಮುದಾಯದವರೇ ನಡೆಸುವ ಕ್ಲಿನಿಕ್‌ಗಳೂ ಹೆಚ್ಚಬೇಕು ಎಂಬುದು ಅದರ ಸಾರವಾಗಿತ್ತು. ಅದಕ್ಕೆ ಬಂದ ಪತ್ರಗಳು ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು; ಬಹುತೇಕ ಪತ್ರಗಳಲ್ಲಿ ಹೆಸರಿಲ್ಲ, ಹೆಸರಿನ ಅಗತ್ಯವೂ ಇಲ್ಲ. ಆರನ್ನು ಆರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ಡಾಕ್ಟರ್ ಮೇಡಂ, ನನಗೆ 26 ವರ್ಷ, ಸಾರಿಗೆ ಕಂಪನಿಯೊಂದರಲ್ಲಿ ಕೆಲಸ. ತಿಂಗಳ ಹಿಂದೆ ಮೂತ್ರ ಮಾಡುವಾಗ ಉರಿ ಶುರುವಾಗಿ, ಎರಡು ದಿನಗಳಲ್ಲಿ ಕೀವಿನಂತಹ ಸ್ರಾವವೂ ಕಾಣಿಸಿತು. ನಿಮ್ಮ ಅಂಕಣ ಓದಿ ನಮ್ಮೂರಿನ ಸರ್ಕಾರಿ ಆಸ್ಪತ್ರೆಗೆ ಹೋದೆ. ಸುರಕ್ಷಾ ಕ್ಲಿನಿಕ್ ಎಲ್ಲಿ ಎಂದು ಕಾವಲುಗಾರನನ್ನು ಕೇಳಿದ್ದಕ್ಕೆ ಆತ, ಚೀಟಿಗಾಗಿ ಸಾಲು ನಿಂತವರೆಲ್ಲ ತಿರುಗಿ ನೋಡುವಂತೆ, ‘ಏಡ್ಸ್ ರೂಮಾ? ಹಿಂದುಗಡೆ ಹೋಗಿ’ ಎಂದು ಕೂಗಿದ. ನಾನು ಹಿಂದುಗಡೆ ಹೋಗಲಿಲ್ಲ, ಗೇಟಿನಿಂದ ಹೊರಗೆ ಬಂದುಬಿಟ್ಟೆ. ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆಯನ್ನು ಮೂರು ದಿನ ನುಂಗಿದ ಮೇಲೆ ಸ್ರಾವ ನಿಂತಿದೆ. ಉರಿ ಸ್ವಲ್ಪ ಉಳಿದಿದೆ. ಮತ್ತೆ ಆಸ್ಪತ್ರೆಗೆ ಹೋಗಲೇಬೇಕೇ?
— ಒಬ್ಬ ಓದುಗ, ಮಧ್ಯ ಕರ್ನಾಟಕ

ಉತ್ತರ: ಹೋಗಲೇಬೇಕು. ಆದರೆ ಮೊದಲು ಆ ಕಾವಲುಗಾರನ ಪರವಾಗಿ ನಾನು ನಿಮ್ಮ ಕ್ಷಮೆ ಕೇಳುತ್ತೇನೆ. ನಮ್ಮಲ್ಲಿ ಈ ಸೇವೆಯ ಔಷಧಕ್ಕೆ ದುಡ್ಡಿಲ್ಲ, ಪರೀಕ್ಷೆಗೆ ದುಡ್ಡಿಲ್ಲ, ಸಲಹೆಗೂ ದುಡ್ಡಿಲ್ಲ. ಗೇಟಿನಿಂದ ಆ ಕೊಠಡಿಯವರೆಗಿನ ಐವತ್ತು ಹೆಜ್ಜೆಗೆ ಮಾತ್ರ ರೋಗಿ ತನ್ನ ಮಾನವನ್ನು ತೆರಬೇಕಾಗುತ್ತದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದುಕೊಂಡು ಆ ಐವತ್ತು ಹೆಜ್ಜೆ ನಡೆಯಲಾರದೆ ಹಿಂತಿರುಗಿದವರ ಲೆಕ್ಕ ಯಾವ ಆಸ್ಪತ್ರೆಯ ರಿಜಿಸ್ಟರಿನಲ್ಲೂ ಸಿಗುವುದಿಲ್ಲ.

ಮುಂದಿನ ಸಲ ಹೀಗೆ ಮಾಡಿ. ಚರ್ಮರೋಗ ವಿಭಾಗ ಎಲ್ಲಿ ಎಂದು ಕೇಳಿ; ಹಲವು ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಅದಕ್ಕೇ, ಇಲ್ಲವೇ ಸ್ತ್ರೀರೋಗ ವಿಭಾಗಕ್ಕೆ ಅಂಟಿಕೊಂಡಿರುತ್ತದೆ. ಅದೂ ಬೇಡವೆಂದರೆ 1097ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಕರೆಗೆ ಹಣವಿಲ್ಲ, ಹಗಲು ರಾತ್ರಿ ಸಿಗುತ್ತದೆ. ನಿಮ್ಮ ಸಮೀಪದ ಕೇಂದ್ರ ಯಾವುದೆಂದು ಅವರೇ ತಿಳಿಸುತ್ತಾರೆ.

ಒಳಗೆ ನಡೆಯುವುದು ಇಷ್ಟು. ಆಪ್ತಸಮಾಲೋಚಕರು ಬಾಗಿಲು ಮುಚ್ಚಿ, ತೊಂದರೆ ಯಾವಾಗ ಶುರುವಾಯಿತು, ಇತ್ತೀಚೆಗೆ ಯಾರ ಜೊತೆ ಸಂಪರ್ಕವಿತ್ತು, ಕಾಂಡೋಮ್ ಬಳಸಿದಿರಾ ಎಂದು ಕೇಳುತ್ತಾರೆ. ವೈದ್ಯರು ಪರೀಕ್ಷಿಸುತ್ತಾರೆ. ನಿಮ್ಮ ಲಕ್ಷಣಗಳಿಗೆ ದೀರ್ಘಕಾಲದಿಂದ ಬಳಕೆಯಲ್ಲಿರುವುದು ಬೂದು ಬಣ್ಣದ ಪೊಟ್ಟಣ: ಒಂದು ಗ್ರಾಂ ಅಜಿತ್ರೊಮೈಸಿನ್ ಮತ್ತು 400 ಮಿಲಿಗ್ರಾಂ ಸೆಫಿಕ್ಸಿಮ್, ಒಂದೇ ಸಲಕ್ಕೆ ನುಂಗುವಂಥದು. ಒಂದೊಂದು ಬಗೆಯ ತೊಂದರೆಗೆ ಒಂದೊಂದು ಬಣ್ಣದ ಪೊಟ್ಟಣವಿದ್ದು, ನಿಮ್ಮ ಈ ಬೂದು ಪೊಟ್ಟಣವನ್ನು ಅಲ್ಲಿಯೇ, ಅವರ ಎದುರಿನಲ್ಲಿಯೇ ಒಂದು ಲೋಟ ನೀರಿನ ಜೊತೆ ನುಂಗಿ ಬರಬಹುದು. ಮನೆಗೆ ಒಯ್ದು ಅಡಗಿಸಿಡುವ ತಾಪತ್ರಯವಿಲ್ಲ. ಎರಡು ಔಷಧ ಏಕೆಂದರೆ ಗೊನೊರಿಯಾ ಮತ್ತು ಕ್ಲಮಿಡಿಯಾ ಎಂಬ ಎರಡು ಸೋಂಕುಗಳು ಆಗಾಗ ಜೊತೆಯಾಗಿಯೇ ಬರುತ್ತವೆ. ಮೆಡಿಕಲ್ ಶಾಪಿನ ಮಾತ್ರೆಯಿಂದ ಸ್ರಾವ ನಿಂತು ಉರಿ ಉಳಿದಿದೆ ಎಂದರೆ ಒಂದು ಹೋಗಿ ಇನ್ನೊಂದು ಉಳಿದಿರಬಹುದು, ಇಲ್ಲವೇ ಅರ್ಧ ಪ್ರಮಾಣದ ಔಷಧದಿಂದ ಸೋಂಕು ಅಡಗಿರಬಹುದು. ಅಂಗಡಿಗಳಲ್ಲಿ ಹಿಂದೆ ಧಾರಾಳವಾಗಿ ಕೈಗಿಡುತ್ತಿದ್ದ ಸಿಪ್ರೊಫ್ಲಾಕ್ಸಸಿನ್ ಮಾತ್ರೆಗೆ ಗೊನೊರಿಯಾ ಈಗ ಬಗ್ಗುವುದೇ ಅಪರೂಪ; ಅದಕ್ಕೆ ಕಾರಣ ಇಂತಹ ಅರೆಬರೆ ಚಿಕಿತ್ಸೆಯೇ. ನಿಮ್ಮ ಸಂಗಾತಿಗೂ ಚಿಕಿತ್ಸೆಯಾಗಬೇಕು. ಒಬ್ಬರಿಗಷ್ಟೇ ಔಷಧ ಕೊಡುವುದು ತೂತು ಕೊಡಕ್ಕೆ ನೀರು ತುಂಬಿದಂತೆ.

ಅದೇ ಕೊಠಡಿಯಲ್ಲಿ ನಿಮ್ಮ ಒಪ್ಪಿಗೆ ಪಡೆದು ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಯ ವ್ಯವಸ್ಥೆ ಮಾಡುತ್ತಾರೆ. ಉರಿಮೂತ್ರಕ್ಕೂ ಎಚ್‌ಐವಿಗೂ ಏನು ನಂಟು ಎಂದು ಅನೇಕರು ಕೇಳಿದ್ದಾರೆ. ಗುಪ್ತಾಂಗದಲ್ಲಿ ಹುಣ್ಣು ಅಥವಾ ಉರಿಯೂತವಿದ್ದಾಗ ಅಲ್ಲಿನ ಚರ್ಮದ ತಡೆ ಒಡೆದಿರುತ್ತದೆ. ಅಷ್ಟೇ ಅಲ್ಲ, ಸೋಂಕಿನೊಡನೆ ಕಾದಾಡಲು ದೇಹ ಅಲ್ಲಿಗೆ ಕಳುಹಿಸುವ ಬಿಳಿ ರಕ್ತಕಣಗಳೇ ಎಚ್‌ಐವಿ ಹಿಡಿದುಕೊಳ್ಳಲು ಹುಡುಕುವ ಕಣಗಳೂ ಹೌದು. ತಾಂಜಾನಿಯಾದ ಮ್ವಾಂಜಾ ಪ್ರದೇಶದ ಹಳ್ಳಿಗಳಲ್ಲಿ ಲೈಂಗಿಕ ಸೋಂಕುಗಳ ಚಿಕಿತ್ಸೆಯನ್ನು ಮಾಮೂಲಿ ಆರೋಗ್ಯ ಕೇಂದ್ರಗಳಲ್ಲಿಯೇ ಸುಧಾರಿಸಿದಾಗ ಎಚ್‌ಐವಿಯ ಹೊಸ ಸೋಂಕುಗಳು ಶೇ. 40ರಷ್ಟು ಕಡಿಮೆಯಾದವು ಎಂದು 1995ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕೆಲವೇ ವರ್ಷಗಳಲ್ಲಿ ಉಗಾಂಡಾದ ರಾಕಾಯಿಯಲ್ಲಿ ಎಲ್ಲರಿಗೂ ಒಟ್ಟಿಗೆ ಮಾತ್ರೆ ಹಂಚಿ ನೋಡಿದಾಗ ಅಂತಹ ಫಲ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ ನನಗೆ ತೋರುವುದು, ಊರಿಗೆಲ್ಲ ಮಾತ್ರೆ ಹಂಚಿ ಹೋಗುವುದಕ್ಕಿಂತ, ತೊಂದರೆಯಾದ ದಿನವೇ ಬಂದು ಹೇಳಿಕೊಳ್ಳುವಂತಹ ಬಾಗಿಲೊಂದು ಊರಿನಲ್ಲಿ ಸದಾ ತೆರೆದಿರುವುದು ಮೇಲು.

ಪ್ರಶ್ನೆ: ಮಾನ್ಯರೇ, ನಾನು ನಿವೃತ್ತ ಶಿಕ್ಷಕ. ರೋಗಿಗಳಿಗೆ ಚಿಕಿತ್ಸೆ ಕೊಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಲೈಂಗಿಕ ವೃತ್ತಿಯಲ್ಲಿರುವವರಿಗೆಂದೇ ಕ್ಲಿನಿಕ್, ಅದನ್ನು ಅವರೇ ನಡೆಸುವುದು, ಅದಕ್ಕೆ ಸಾರ್ವಜನಿಕರ ಹಣ ಎಂದರೆ ಆ ವೃತ್ತಿಗೆ ಸರ್ಕಾರವೇ ಒಪ್ಪಿಗೆಯ ಮುದ್ರೆ ಒತ್ತಿದಂತಲ್ಲವೇ? ಸಾಮಾನ್ಯ ಆಸ್ಪತ್ರೆಯಲ್ಲಿ ಅವರೂ ಸಾಲಿನಲ್ಲಿ ನಿಂತರೆ ಸಾಲದೇ?
— ಒಬ್ಬ ಹಿರಿಯ ಓದುಗರು, ಮಂಡ್ಯ

ಉತ್ತರ: ಮಾಸ್ತರರೇ, ಮನಸ್ಸಿನಲ್ಲಿದ್ದುದನ್ನು ಮುಚ್ಚುಮರೆಯಿಲ್ಲದೆ ಕೇಳಿದ್ದೀರಿ, ಅದಕ್ಕೆ ನಿಮ್ಮ ಊರಿನಿಂದ ಒಂದು ಗಂಟೆಯ ದಾರಿಯಲ್ಲಿರುವ ಮೈಸೂರಿನ ಕಥೆಯನ್ನೇ ಉತ್ತರವಾಗಿ ಹೇಳುತ್ತೇನೆ.

ಗೇಟ್ಸ್ ಪ್ರತಿಷ್ಠಾನದ ನೆರವಿನ ‘ಆವಾಹನ್’ ಎಂಬ ಎಚ್‌ಐವಿ ತಡೆ ಕಾರ್ಯಕ್ರಮ 2003ರಲ್ಲಿ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ ಆರಂಭವಾಯಿತು. ಅದರ ಭಾಗವಾಗಿ 2004ರಲ್ಲಿ ಮೈಸೂರಿನಲ್ಲಿ ಕೆಲಸ ಶುರುವಾದಾಗ ತಂಡದ ಮುಂದಿದ್ದ ಮಾದರಿ ಕೋಲ್ಕತ್ತದ ಸೋನಾಗಾಛಿ ಎಂಬ ಲೈಂಗಿಕ ವೃತ್ತಿಯ ಕೇರಿ. ಅಲ್ಲಿ ಡಾ. ಸ್ಮರಜಿತ್ ಜಾನಾ 1992ರಲ್ಲಿ ಆರಂಭಿಸಿದ ಎಚ್‌ಐವಿ ತಡೆ ಕೆಲಸ ಬೆಳೆದು, 1995ರಲ್ಲಿ ದುರ್ಬಾರ್ ಮಹಿಳಾ ಸಮನ್ವಯ ಸಮಿತಿ ಎಂಬ ಮಹಿಳೆಯರದೇ ಸಂಘಟನೆಯಾಗಿತ್ತು. ಆದರೆ ಸೋನಾಗಾಛಿಯಂತಹ ಕೇರಿ ಮೈಸೂರಿನಲ್ಲಿ ಇಲ್ಲ. ಇಲ್ಲಿನ ಮಹಿಳೆಯರು ಬಸ್ ನಿಲ್ದಾಣ, ಬೀದಿ, ಲಾಡ್ಜ್ ಎಂದು ಚದುರಿದವರು. ಹಗಲಿನಲ್ಲಿ ಗೃಹಿಣಿ, ಹೂ ಮಾರುವವಳು, ಮನೆಗೆಲಸದವಳು. ಇವರನ್ನು ಗುರುತಿಸಬಲ್ಲವರು ಇವರೇ ಹೊರತು ಸರ್ಕಾರಿ ಜೀಪಿನಲ್ಲಿ ಬಂದಿಳಿಯುವ ನಮ್ಮಂಥವರಲ್ಲ. ಆದ್ದರಿಂದ ಕ್ಲಿನಿಕ್ಕಿಗಿಂತ ಮೊದಲು ಬಂದು ಕೂರುವ, ಕಾಲು ಚಾಚಿ ಮಲಗುವ, ಸ್ನಾನ ಮಾಡುವ ಒಂದು ಜಾಗ ಬೇಕಾಯಿತು. ಅದರೊಂದಿಗೆ ಕ್ಲಿನಿಕ್ ಬಂತು. 2005ರಲ್ಲಿ ಅವರದೇ ಸಂಘಟನೆಯಾಗಿ ‘ಆಶೋದಯ ಸಮಿತಿ’ ಹುಟ್ಟಿತು.

ಫಲವೇನಾಯಿತು? 2004ರಲ್ಲಿ ಮತ್ತು ಮತ್ತೆ 2006ರಲ್ಲಿ ಮೈಸೂರಿನ ಮಹಿಳೆಯರ ನಡುವೆ ಸಮೀಕ್ಷೆ ನಡೆಸಿ, ಪರೀಕ್ಷೆ ಮಾಡಿದರು. ಆಗೊಮ್ಮೆ ಈಗೊಮ್ಮೆ ಬರುವ ಗಿರಾಕಿಗಳೊಂದಿಗೆ ಕಾಂಡೋಮ್ ಬಳಕೆ ಶೇ. 65ರಿಂದ 90ಕ್ಕೆ ಏರಿತ್ತು. ಸಿಫಿಲಿಸ್ ಶೇ. 25ರಿಂದ 12ಕ್ಕೆ, ಕ್ಲಮಿಡಿಯಾ ಶೇ. 11ರಿಂದ 5ಕ್ಕೆ ಇಳಿದಿತ್ತು. ಎಚ್‌ಐವಿ ಇರುವವರ ಪ್ರಮಾಣ ಶೇ. 26ರಿಂದ 24 ಎಂದು ಹೆಚ್ಚುಕಡಿಮೆ ಇದ್ದಲ್ಲಿಯೇ ನಿಂತಿತ್ತು. ಈ ಕೊನೆಯ ಅಂಕಿಯನ್ನು ನೋಡಿ ನಿರಾಶೆ ಬೇಡ: ಎಚ್‌ಐವಿ ಒಮ್ಮೆ ಬಂದರೆ ಹೋಗುವಂಥದಲ್ಲ, ಆದ್ದರಿಂದ ಇದ್ದವರ ಪ್ರಮಾಣ ಬೇಗ ಇಳಿಯುವುದಿಲ್ಲ. ಹೊಸ ಸೋಂಕಿನ ಸುಳಿವು ಸಿಗುವುದು ಸಿಫಿಲಿಸ್‌ನಂತಹ ವಾಸಿಯಾಗುವ ರೋಗಗಳ ಏರಿಳಿತದಲ್ಲಿ.

ಈಗ ನಿಮ್ಮ ‘ಸಾಲಿನಲ್ಲಿ ನಿಂತರೆ ಸಾಲದೇ’ ಎಂಬ ಮಾತಿಗೆ ಬರುತ್ತೇನೆ. ಮೇಲಿನ ಪತ್ರದ ಯುವಕನನ್ನು ನೆನಪಿಸಿಕೊಳ್ಳಿ. ಸಂಬಳವಿರುವ ಗಂಡಸು, ಒಂದು ಕೂಗಿಗೆ ಗೇಟಿನಿಂದಾಚೆ ಓಡಿದ. ಹಾದಿಬೀದಿಯಲ್ಲಿ ಪೊಲೀಸರಿಂದಲೂ ಪುಂಡರಿಂದಲೂ ಏಟು ತಿಂದ ಹೆಣ್ಣುಮಗಳು ಅದೇ ಸಾಲಿನಲ್ಲಿ ಧೈರ್ಯವಾಗಿ ನಿಲ್ಲುತ್ತಾಳೆಂದು ನಿರೀಕ್ಷಿಸುವುದು ನ್ಯಾಯವೇ? ನಾನು ಹಿಂದೊಮ್ಮೆ ವಾರಕ್ಕೆ ಎರಡು ಸಂಜೆ ಇಂತಹ ಸಮುದಾಯ ಕ್ಲಿನಿಕ್ ಒಂದರಲ್ಲಿ ಕೂರುತ್ತಿದ್ದೆ. ಕಾಂಡೋಮ್ ಡಬ್ಬಿ ನನ್ನ ಮೇಜಿನ ಮೇಲೆಯೇ ಇತ್ತು. ಎಷ್ಟು ಬೇಕಾದರೂ ತೆಗೆದುಕೊಳ್ಳಿ ಎಂದು ನಾನು ಉದಾರವಾಗಿ ಹೇಳುತ್ತಿದ್ದೆ, ಯಾರೂ ಎರಡಕ್ಕಿಂತ ಹೆಚ್ಚು ಮುಟ್ಟುತ್ತಿರಲಿಲ್ಲ. ಅಲ್ಲಿ ಕೆಲಸಕ್ಕಿದ್ದ, ಸ್ವತಃ ಆ ವೃತ್ತಿಯಿಂದ ಬಂದ ಮಹಿಳೆಯೊಬ್ಬರು ಒಂದು ದಿನ ಡಬ್ಬಿಯನ್ನೆತ್ತಿ ಬಚ್ಚಲುಮನೆಯ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರು. ಸಂಜೆಯೊಳಗೆ ಡಬ್ಬಿ ಖಾಲಿ. ‘ನಿಮ್ಮೆದುರು ಎಣಿಸಿ ತಗೊಂಡರೆ ಇವತ್ತು ಎಷ್ಟು ಜನ ಅಂತ ನೀವು ಲೆಕ್ಕ ಹಾಕ್ತೀರಲ್ಲ ಡಾಕ್ಟ್ರೇ’ ಎಂದರು. ಓದಿ ಪಡೆದ ಯಾವ ಪದವಿಯೂ ನನಗೆ ಆ ಮೊಳೆಯ ಜಾಗವನ್ನು ತೋರಿಸಿರಲಿಲ್ಲ.

ಕಾನೂನಿನ ಮಾತನ್ನೂ ಸೇರಿಸುತ್ತೇನೆ. 2017ರಲ್ಲಿ ಸಂಸತ್ತು ಅಂಗೀಕರಿಸಿ, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ತಡೆ ಕಾಯ್ದೆಯ ಪ್ರಕಾರ, ಸೋಂಕಿನ ಅಪಾಯ ತಗ್ಗಿಸಲು ಕಾಂಡೋಮ್ ಕೊಡುವುದಾಗಲಿ, ಇಟ್ಟುಕೊಳ್ಳುವುದಾಗಲಿ ಅಪರಾಧವಲ್ಲ. ವೃತ್ತಿಗೆ ಒಪ್ಪಿಗೆಯ ಮುದ್ರೆ ಎಂಬ ಚರ್ಚೆಯನ್ನು ಬೇರೆ ವೇದಿಕೆಯಲ್ಲಿ ಎಷ್ಟು ಬೇಕಾದರೂ ಮಾಡೋಣ. ಸೋಂಕು ಮಾತ್ರ ಆ ಚರ್ಚೆ ಮುಗಿಯಲೆಂದು ಕಾಯುವುದಿಲ್ಲ. ಗಿರಾಕಿಯ ಮೂಲಕ ಆತನ ಮನೆಗೆ, ಮನೆಯಿಂದ ಹೆರಿಗೆ ವಾರ್ಡಿಗೆ ಅದು ನಡೆದುಹೋಗುತ್ತದೆ.

ಪ್ರಶ್ನೆ: ನಮ್ಮ ಯಜಮಾನರು ವರ್ಷದಲ್ಲಿ ಎಂಟು ತಿಂಗಳು ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಇರುತ್ತಾರೆ. ನನಗೆ ಆರು ತಿಂಗಳಿನಿಂದ ಬಿಳಿ ಸೆರಗು, ತುರಿಕೆ. ನಮ್ಮ ಆಶಾ ಕಾರ್ಯಕರ್ತೆ ತಾಲ್ಲೂಕು ಆಸ್ಪತ್ರೆಗೆ ಹೋಗು ಅನ್ನುತ್ತಾಳೆ. ಹೋದರೆ ಎಚ್‌ಐವಿ ಪರೀಕ್ಷೆ ಮಾಡುತ್ತಾರಂತೆ. ಅವರಿಗೆ ಗೊತ್ತಾದರೆ ನನ್ನ ಮೇಲೆ ಅನುಮಾನವೇ ಅಥವಾ ಅವರ ಮೇಲೆ ಅನುಮಾನವೇ ಎಂದು ಜಗಳವಾಗುತ್ತದೆ. ಏನು ಮಾಡಲಿ?
— ಒಬ್ಬ ಓದುಗಳು, ಬಾಗಲಕೋಟೆ ಜಿಲ್ಲೆ

ಉತ್ತರ: ತಂಗಿ, ಮೊದಲು ಒಂದು ಸಮಾಧಾನದ ಮಾತು. ಬಿಳಿ ಸೆರಗೆಲ್ಲ ಲೈಂಗಿಕ ಸೋಂಕಲ್ಲ. ತುರಿಕೆಯೊಡನೆ ಮೊಸರಿನಂತೆ ಗಟ್ಟಿಯಾಗಿ ಹೋಗುತ್ತಿದ್ದರೆ ಅದು ಬಹುಮಟ್ಟಿಗೆ ಶಿಲೀಂಧ್ರದ ತೊಂದರೆ. ಸಕ್ಕರೆ ಕಾಯಿಲೆ ಇದ್ದವರಿಗೂ, ಗರ್ಭಿಣಿಯರಿಗೂ, ಬೇರೆ ಕಾಯಿಲೆಗೆ ಆಂಟಿಬಯಾಟಿಕ್ ನುಂಗಿದವರಿಗೂ ಬರುತ್ತದೆ. ತೆಳ್ಳಗೆ, ಮೀನಿನಂತೆ ವಾಸನೆಯಿದ್ದರೆ ಒಳಗಿನ ಸಹಜ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿರುತ್ತದೆ. ಇವೆರಡಕ್ಕೂ ಯಾರ ನಡತೆಯನ್ನೂ ದೂರಬೇಕಾಗಿಲ್ಲ. ಟ್ರೈಕೊಮೊನಾಸ್ ಎಂಬುದು ಮಾತ್ರ ಸಂಪರ್ಕದಿಂದ ಬರುವಂಥದು. ಯಾವುದೆಂದು ತಿಳಿಯಲು ವೈದ್ಯರು ಒಳಪರೀಕ್ಷೆ ಮಾಡಿ ಗರ್ಭಕೊರಳನ್ನು ನೋಡಬೇಕು. ಅದೇ ವೇಳೆ ಗರ್ಭಕೊರಳಿನ ಕ್ಯಾನ್ಸರಿನ ತಪಾಸಣೆಯನ್ನೂ ಕೇಳಿ ಮಾಡಿಸಿಕೊಳ್ಳಿ, ಒಂದೇ ಹೋಗಿಬರುವಿಕೆಯಲ್ಲಿ ಎರಡು ಕೆಲಸವಾಗುತ್ತದೆ.

ಎಚ್‌ಐವಿ ಪರೀಕ್ಷೆಯನ್ನು ನಿಮ್ಮ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ, ಫಲಿತಾಂಶವನ್ನು ನಿಮ್ಮನ್ನು ಕೇಳದೆ ಅತ್ತೆಗಾಗಲಿ ಆಶಾಗಾಗಲಿ ಹೇಳುವಂತಿಲ್ಲ. ಮೇಲೆ ಹೇಳಿದ ಕಾಯ್ದೆಯೇ ಅದಕ್ಕೆ ಆಧಾರ. ಆದರೂ ಮಾಡಿಸಿಕೊಳ್ಳಿ ಎಂದೇ ನನ್ನ ಸಲಹೆ. ಗರ್ಭಿಣಿಯರೆಲ್ಲರಿಗೂ ಮಾಡುವ ಪರೀಕ್ಷೆ ಇದು, ಬಹುಶಃ ನಿಮಗೂ ಹೆರಿಗೆಗೆ ಮುಂಚೆ ಆಗಿರುತ್ತದೆ. ಒಂದು ಕಾಲದಲ್ಲಿ ಎಚ್‌ಐವಿ ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಗುಳೆ ಹೋಗುವ ಗಂಡಸರು, ದೇವದಾಸಿ ಪದ್ಧತಿಯ ಉಳಿಕೆ ಎರಡೂ ಇದ್ದ ನಿಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಈ ಶತಮಾನದ ಆರಂಭದಲ್ಲಿಯೇ ಭಾರತ ಮತ್ತು ಕೆನಡಾ ಸಹಯೋಗದ ಯೋಜನೆಯೊಂದು ಹಳ್ಳಿಹಳ್ಳಿಗೆ ಕೆಲಸ ಒಯ್ದದ್ದು ಅದೇ ಕಾರಣಕ್ಕೆ.

ಯಜಮಾನರ ವಿಚಾರದಲ್ಲಿ ಜಗಳವಿಲ್ಲದ ಒಂದು ದಾರಿಯಿದೆ. ಅವರು ಊರಿಗೆ ಬಂದಾಗ ‘ನನಗೆ ಸೋಂಕಾಗಿದೆ, ಇಬ್ಬರಿಗೂ ಔಷಧ ಬೇಕಾದೀತು, ನೀವೂ ಬರಬೇಕು ಎಂದು ಡಾಕ್ಟರು ಹೇಳಿದ್ದಾರೆ’ ಎಂದಷ್ಟೇ ಹೇಳಿ. ಮುಂದಿನ ಮಾತನ್ನು ಆಪ್ತಸಮಾಲೋಚಕರಿಗೆ ಬಿಡಿ. ಗಂಡಸರನ್ನು ಒಬ್ಬರೇ ಕೂರಿಸಿ ಮಾತನಾಡಿಸುವುದು ಅವರಿಗೆ ದಿನನಿತ್ಯದ ಕೆಲಸ. ಕಾಂಡೋಮ್ ಮಾತನ್ನೂ ‘ಔಷಧ ಮುಗಿಯುವವರೆಗೆ’ ಎಂಬ ನೆಪದಿಂದ ಆರಂಭಿಸಬಹುದು. ಒಂದು ವೇಳೆ ಇಬ್ಬರಲ್ಲಿ ಒಬ್ಬರಿಗೆ ಎಚ್‌ಐವಿ ಇದೆಯೆಂದೇ ಇಟ್ಟುಕೊಳ್ಳೋಣ. 2004ರ ಏಪ್ರಿಲ್‌ನಿಂದ ಸರ್ಕಾರ ವೈರಾಣುವನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧವನ್ನು ಉಚಿತವಾಗಿ ಕೊಡುತ್ತಿದೆ, ಈಗ ದಿನಕ್ಕೊಂದೇ ಮಾತ್ರೆ. ಅದನ್ನು ತಪ್ಪದೆ ನುಂಗಿ, ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ಹರಡುವುದಿಲ್ಲ. ಸಾವಿರಾರು ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿ ಕಂಡುಕೊಂಡ ಮಾತಿದು.

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ, ಸಲಿಂಗಿ. ಎಚ್‌ಐವಿ ಬಾರದಂತೆ ಮೊದಲೇ ನುಂಗುವ ‘ಪ್ರೆಪ್’ ಮಾತ್ರೆ, ಆರು ತಿಂಗಳಿಗೊಮ್ಮೆ ಚುಚ್ಚುಮದ್ದು ಎಂದೆಲ್ಲ ಓದಿದ್ದೇನೆ. ಇವು ಉಚಿತ ಕ್ಲಿನಿಕ್‌ಗಳಲ್ಲಿ ಸಿಗುತ್ತವೆಯೇ? ನಮ್ಮ ಕುಟುಂಬದ ವೈದ್ಯರನ್ನು ಕೇಳುವ ಧೈರ್ಯ ನನಗಿಲ್ಲ.
— ಒಬ್ಬ ಓದುಗ, ಬೆಂಗಳೂರು

ಉತ್ತರ: ಎರಡು ಔಷಧಗಳನ್ನು ಬೇರೆಬೇರೆಯಾಗಿ ನೆನಪಿಡಿ. ಅಪಾಯದ ಸಂಪರ್ಕ ನಡೆದುಹೋದ ಮೇಲೆ ತೆಗೆದುಕೊಳ್ಳುವುದು ‘ಪೆಪ್’. ಅದನ್ನು 72 ಗಂಟೆಗಳೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು, ಆರಂಭಿಸಿ 28 ದಿನ ಬಿಡದೆ ನುಂಗಬೇಕು. ಸೋಮವಾರ ನೋಡೋಣ ಎಂದು ಶುಕ್ರವಾರ ರಾತ್ರಿ ಮಲಗಿದವರು ಔಷಧದ ಅವಧಿಯ ಬಹುಭಾಗವನ್ನೇ ಕಳೆದುಕೊಳ್ಳುತ್ತಾರೆ. ಇದಕ್ಕೆ ತುರ್ತು ಚಿಕಿತ್ಸಾ ವಿಭಾಗಕ್ಕೇ ಹೋಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ಮುಖ್ಯವಾಗಿ ಸೂಜಿ ಚುಚ್ಚಿಕೊಂಡ ಸಿಬ್ಬಂದಿಗೂ ಲೈಂಗಿಕ ದೌರ್ಜನ್ಯಕ್ಕೊಳಗಾದವರಿಗೂ ಇಟ್ಟಿರುತ್ತಾರೆ. ಉಳಿದವರು ವೈದ್ಯರ ಚೀಟಿ ಪಡೆದು ಕೊಂಡುಕೊಳ್ಳಬೇಕಾಗಬಹುದು.

ಮೊದಲೇ ನುಂಗುವುದು ‘ಪ್ರೆಪ್’. ಟೆನೊಫೊವಿರ್ ಮತ್ತು ಎಮ್‌ಟ್ರಿಸಿಟಬಿನ್ ಎರಡೂ ಸೇರಿದ ಒಂದು ಮಾತ್ರೆ, ದಿನಕ್ಕೊಂದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿಯೇ, ಸೋಂಕಿನ ಗಣನೀಯ ಅಪಾಯವಿರುವ ಎಲ್ಲರಿಗೂ ಇದನ್ನು ಕೊಡಬಹುದೆಂದು ಹೇಳಿತು. ಶುರುಮಾಡುವ ಮುನ್ನ ಎಚ್‌ಐವಿ ಇಲ್ಲವೆಂದು ಖಚಿತವಾಗಬೇಕು, ಮೂತ್ರಪಿಂಡ ಮತ್ತು ಹೆಪಟೈಟಿಸ್ ಬಿ ಪರೀಕ್ಷೆಯಾಗಬೇಕು. ಆಮೇಲೆ ಮೂರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆ. ಸಿಫಿಲಿಸ್, ಗೊನೊರಿಯಾಗಳನ್ನು ಈ ಮಾತ್ರೆ ತಡೆಯುವುದಿಲ್ಲವಾದ್ದರಿಂದ ಕಾಂಡೋಮಿಗೆ ರಜೆಯಿಲ್ಲ. ನಮ್ಮ ದೇಶದಲ್ಲಿ ಇದರ ಮಾರ್ಗಸೂಚಿಯಿದೆ, ಔಷಧ ಇಲ್ಲಿಯೇ ತಯಾರಾಗುತ್ತದೆ, ಖಾಸಗಿ ವೈದ್ಯರ ಚೀಟಿಯ ಮೇಲೆ ಸಿಗುತ್ತದೆ. ಆದರೆ ಉಚಿತ ಕ್ಲಿನಿಕ್‌ಗಳಲ್ಲಿ ಎಲ್ಲರ ಕೈಗೆ ಸಿಗುವ ಮಟ್ಟಕ್ಕೆ ಇನ್ನೂ ಬಂದಿಲ್ಲ. ಬಡವರು ದಿನಾ ನುಂಗುವುದಿಲ್ಲ ಎಂಬುದು ಅದಕ್ಕೆ ಕೊಡುವ ಸಬೂಬುಗಳಲ್ಲಿ ಒಂದು. ಮೈಸೂರು ಮತ್ತು ಮಂಡ್ಯದಲ್ಲಿ 2016ರಿಂದ ಇದೇ ಆಶೋದಯ 600ಕ್ಕೂ ಹೆಚ್ಚು ಮಹಿಳೆಯರಿಗೆ ಈ ಮಾತ್ರೆ ಕೊಟ್ಟು ನೋಡಿದಾಗ ಬಹುಪಾಲು ಎಲ್ಲರೂ ಕೊನೆಯವರೆಗೆ ಮುಂದುವರಿದರು. ನೆರೆಯವಳೇ ಬಂದು ‘ಇವತ್ತಿನ ಮಾತ್ರೆ ಆಯಿತಾ’ ಎಂದು ಕೇಳಿದರೆ ಮರೆಯುವುದಾದರೂ ಹೇಗೆ?

ಚುಚ್ಚುಮದ್ದಿನ ಹೆಸರು ಲೆನಕಾಪವಿರ್. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ನಡೆದು 2024ರಲ್ಲಿ ಫಲಿತಾಂಶ ಹೊರಬಂದ ಪ್ರಯೋಗದಲ್ಲಿ ಇದನ್ನು ಪಡೆದ ಎರಡು ಸಾವಿರಕ್ಕೂ ಹೆಚ್ಚು ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ. 2025ರ ಜೂನ್‌ನಲ್ಲಿ ಅಮೆರಿಕ ಅನುಮತಿ ಕೊಟ್ಟಿತು, ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ಅಮೆರಿಕದಲ್ಲಿ ವರ್ಷಕ್ಕೆ 28 ಸಾವಿರ ಡಾಲರ್ ಬೆಲೆಯ ಈ ಮದ್ದನ್ನು 2027ರಿಂದ ವರ್ಷಕ್ಕೆ 40 ಡಾಲರಿಗೆ 120 ಕೆಳ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಕೊಡುವುದಾಗಿ ಮುಂದೆ ಬಂದಿರುವುದು ಹೈದರಾಬಾದಿನ ಎರಡು ಕಂಪನಿಗಳು, ಡಾ. ರೆಡ್ಡೀಸ್ ಮತ್ತು ಹೆಟಿರೊ.

ಕುಟುಂಬದ ವೈದ್ಯರನ್ನು ಕೇಳಬೇಕಾಗಿಲ್ಲ. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನಿಮ್ಮ ಬದುಕು ಯಾವ ಕಾನೂನಿನ ಕಣ್ಣಿನಲ್ಲೂ ಅಪರಾಧವಲ್ಲ. ಬೆಂಗಳೂರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ನಡುವೆ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿರುವ ಸಂಗಮ, ಸಮರ ಮುಂತಾದ ಸಂಸ್ಥೆಗಳಿವೆ. ನಿಮ್ಮ ಕಥೆಯನ್ನು ಮೊದಲಿನಿಂದ ವಿವರಿಸಬೇಕಾಗಿಲ್ಲದವರು ನಿಮಗೆ ಯಾವ ವೈದ್ಯರ ಬಳಿ ಹೋಗಬಹುದೆಂದು ತಿಳಿಸುತ್ತಾರೆ.

ಪ್ರಶ್ನೆ: ನಾನು ಹತ್ತು ವರ್ಷ ಸ್ವಯಂಸೇವಾ ಸಂಸ್ಥೆಯೊಂದರ ಎಚ್‌ಐವಿ ಯೋಜನೆಯಲ್ಲಿ ಕೆಲಸ ಮಾಡಿದವಳು. ನಮ್ಮ ಸಂಜೆಯ ಕ್ಲಿನಿಕ್ ಅನುದಾನ ಮುಗಿದ ಮೇಲೆ ಮುಚ್ಚಿತು. ಈಗ ಅಮೆರಿಕದ ನೆರವೂ ನಿಂತಿದೆ ಎನ್ನುತ್ತಾರೆ. ಇನ್ನು ವಿಸ್ತರಣೆಯ ಮಾತಿಗೆ ಅರ್ಥವಿದೆಯೇ?
— ಒಬ್ಬ ಮಾಜಿ ಕಾರ್ಯಕರ್ತೆ, ಕಲಬುರಗಿ

ಉತ್ತರ: ಅಮೆರಿಕದ ನೆರವು ನಿಂತದ್ದು ನಿಜ, ಅದರ ಏಟು ಬಿದ್ದದ್ದೂ ನಿಜ. ಹೈದರಾಬಾದಿನಲ್ಲಿ 2021ರ ಜನವರಿಯಲ್ಲಿ ತೆರೆದ ಮಿತ್ರ್ ಕ್ಲಿನಿಕ್, ಲಿಂಗತ್ವ ಅಲ್ಪಸಂಖ್ಯಾತರೇ ವೈದ್ಯರಾಗಿ, ಸಮಾಲೋಚಕರಾಗಿ ನಡೆಸಿದ ದೇಶದ ಮೊದಲ ಕ್ಲಿನಿಕ್. ಎಚ್‌ಐವಿಯ ಜೊತೆಗೆ ಹಾರ್ಮೋನ್ ಚಿಕಿತ್ಸೆಯ ಸಲಹೆಯೂ ಅಲ್ಲಿತ್ತು. ಹಾರ್ಮೋನಿಗೆಂದು ಬಂದವರು ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿಕೊಂಡು ಹೋಗುತ್ತಿದ್ದರು. 2025ರ ಆರಂಭದಲ್ಲಿ ಅಮೆರಿಕದ ಹಣ ನಿಂತೊಡನೆ ಅದೂ, ಕಲ್ಯಾಣ್ ಮತ್ತು ಪುಣೆಯಲ್ಲಿದ್ದ ಅದರ ಜೊತೆಗಿನವೂ ಮುಚ್ಚಿದವು. ಹೈದರಾಬಾದಿನದು ಕೆಲವು ತಿಂಗಳ ನಂತರ ಟಾಟಾ ಟ್ರಸ್ಟ್ಸ್ ನೆರವಿನಿಂದ ‘ಸಬ್‌ರಂಗ್’ ಎಂಬ ಹೆಸರಿನಲ್ಲಿ ಮತ್ತೆ ತೆರೆಯಿತು. ದಾನಿಗಳ ಹಣದ ಮೇಲೆ ನಿಂತ ಕ್ಲಿನಿಕ್ಕಿನ ಆಯುಷ್ಯ ದಾನಿಯ ಮನಸ್ಸಿನಷ್ಟೇ ಉದ್ದ.

ಆದರೆ ನಮ್ಮ ರಾಷ್ಟ್ರೀಯ ಕಾರ್ಯಕ್ರಮ ಹೊರಗಿನ ಹಣದ ಮೇಲೆ ನಿಂತಿಲ್ಲ. 2021ರಿಂದ 2026ರ ಐದು ವರ್ಷಗಳಿಗೆ ಅದಕ್ಕೆ ಸುಮಾರು 15,472 ಕೋಟಿ ರೂಪಾಯಿ ತೆಗೆದಿಟ್ಟಿದ್ದು ಕೇಂದ್ರ ಸರ್ಕಾರವೇ. ಆವಾಹನ್ ಕೂಡ 2009ರಿಂದ ಹಂತಹಂತವಾಗಿ ಸರ್ಕಾರಕ್ಕೆ ಒಪ್ಪಿಸಲ್ಪಟ್ಟಿತು. ಒಪ್ಪಿಸುವಾಗ ಹಣ, ಔಷಧ, ರಿಜಿಸ್ಟರು ಎಲ್ಲವೂ ಬಂದವು. ಸಂಜೆ ಏಳರ ಹೊತ್ತು ಮಾತ್ರ ಅನೇಕ ಕಡೆ ಬರಲಿಲ್ಲ. ನಿಮ್ಮ ಕ್ಲಿನಿಕ್ಕಿಗೆ ಆದದ್ದೂ ಅದೇ ಇರಬೇಕು ಎಂದುಕೊಳ್ಳುತ್ತೇನೆ. ಬೆಳಿಗ್ಗೆ ಒಂಬತ್ತರಿಂದ ನಾಲ್ಕೂವರೆಯವರೆಗಿನ ಹೊರರೋಗಿ ವಿಭಾಗ ದಿನಗೂಲಿಯವರಿಗೂ ರಾತ್ರಿ ದುಡಿಯುವವರಿಗೂ ಮುಚ್ಚಿದ ಬಾಗಿಲೇ ಸರಿ.

ವಿಸ್ತರಣೆ ಎಂದರೆ ಹೊಸ ಕಟ್ಟಡ ಎಂದುಕೊಂಡರೆ ನೀವು ಹೇಳಿದಂತೆ ಅರ್ಥವಿಲ್ಲ. ಎಚ್‌ಐವಿ ಇರುವ 25 ಲಕ್ಷಕ್ಕೂ ಹೆಚ್ಚು ಜನರಿರುವ ದೇಶದಲ್ಲಿ, ಹೊಸ ಸೋಂಕುಗಳು 2010ಕ್ಕಿಂತ ಶೇ. 40ಕ್ಕೂ ಹೆಚ್ಚು ಇಳಿದಿರುವ ಈ ಹೊತ್ತಿನಲ್ಲಿ, ಉಳಿದ ಸೋಂಕು ಇರುವುದು ಗೇಟಿನಿಂದ ಹಿಂತಿರುಗಿದವರಲ್ಲಿ. ಅಪಾಯವಿದ್ದೂ ಇನ್ನೂ ಸೋಂಕಿಲ್ಲದವರಿಗಾಗಿ ಸರ್ಕಾರ ಈಗ ‘ಸಂಪೂರ್ಣ ಸುರಕ್ಷಾ ಕೇಂದ್ರ’ಗಳನ್ನು ತೆರೆಯುತ್ತಿರುವುದು ಸರಿಯಾದ ಆಲೋಚನೆ, ಆದರೆ ಅದರ ಮೊದಲ ಮೇಜಿನ ಹಿಂದೆ ನಿಮ್ಮಂತಹ ಅನುಭವಿಗಳು, ಅಥವಾ ಆ ಸಮುದಾಯದಿಂದಲೇ ಬಂದವರು, ಸಂಬಳಕ್ಕೆ ಕೂತಿರಬೇಕು. ಬೆರಳ ತುದಿಯ ಹನಿ ರಕ್ತದಿಂದ ಮಾಡುವ ಮೊದಲ ಹಂತದ ಪರೀಕ್ಷೆಯನ್ನು ತರಬೇತಾದ ಕಾರ್ಯಕರ್ತೆಯೇ ಬೀದಿಯಲ್ಲಿ ಮಾಡಬಹುದು, ಖಚಿತಪಡಿಸುವ ಪರೀಕ್ಷೆಗಷ್ಟೇ ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷೆಯ ಕೇಂದ್ರಕ್ಕೆ, ಕರೆತಂದರಾಯಿತು. ನಿಮ್ಮ ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದೆ ಎರಡು ಬೇಡಿಕೆ ಇಡಿ: ವಾರದಲ್ಲಿ ಎರಡು ಸಂಜೆ ಎಂಟರವರೆಗೆ ಕ್ಲಿನಿಕ್, ಮತ್ತು ಗೇಟಿನ ಕಾವಲುಗಾರರಿಂದ ಹಿಡಿದು ಚೀಟಿ ಬರೆಯುವವರವರೆಗೆ ಎಲ್ಲರಿಗೂ ಒಂದು ದಿನದ ತರಬೇತಿ. ಇವಕ್ಕೆ ಹೊರದೇಶದ ಹಣ ಬೇಕಾಗಿಲ್ಲ.

ಪ್ರಶ್ನೆ: ಮೂರು ವಾರದ ಹಿಂದೆ ಅಸುರಕ್ಷಿತ ಸಂಪರ್ಕವಾಗಿತ್ತು. ನಿನ್ನೆ ಐಸಿಟಿಸಿಯಲ್ಲಿ ಪರೀಕ್ಷೆ ಮಾಡಿಸಿದೆ, ನೆಗೆಟಿವ್ ಬಂತು. ನಿಶ್ಚಿಂತೆಯಾಗಿರಬಹುದೇ? ರೂಮಿನಲ್ಲಿ ಸೊಳ್ಳೆ ಕಾಟವಿದೆ, ಜೊತೆಗಿರುವ ಸ್ನೇಹಿತರಿಗೆ ಅದರಿಂದ ಹರಡುತ್ತದೆಯೇ?
— ಒಬ್ಬ ವಿದ್ಯಾರ್ಥಿ, ಧಾರವಾಡ

ಉತ್ತರ: ಸೊಳ್ಳೆಯಿಂದ ಹರಡುವುದಿಲ್ಲ, ತಟ್ಟೆ ಲೋಟದಿಂದಲೂ ಇಲ್ಲ, ಡೆಂಗಿ ಬಂದೀತು, ಸೊಳ್ಳೆಪರದೆ ಕಟ್ಟಿಕೊಳ್ಳಿ. ಪರೀಕ್ಷೆಯ ಬಗ್ಗೆ: ಐಸಿಟಿಸಿಯ ಪರೀಕ್ಷೆ ಹುಡುಕುವುದು ವೈರಾಣುವನ್ನಲ್ಲ, ಅದರ ವಿರುದ್ಧ ನಿಮ್ಮ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಕಾಣಿಸಿಕೊಳ್ಳಲು 90 ದಿನಗಳವರೆಗೂ ಹಿಡಿಯಬಹುದು. ಆದ್ದರಿಂದ ನಿನ್ನೆಯ ಫಲಿತಾಂಶವನ್ನು ಅರ್ಧ ಉತ್ತರವೆಂದು ಭಾವಿಸಿ, ಸಂಪರ್ಕವಾದ ದಿನದಿಂದ ಮೂರು ತಿಂಗಳು ತುಂಬಿದ ಮೇಲೆ ಅಲ್ಲಿಯೇ ಇನ್ನೊಮ್ಮೆ ಉಚಿತವಾಗಿ ಮಾಡಿಸಿ. ಅಲ್ಲಿಯವರೆಗೆ ಕಾಂಡೋಮ್ ಬಳಸಿ. ಕಾಲೇಜಿನಲ್ಲಿ ರಕ್ತದಾನ ಶಿಬಿರ ಬಂದರೆ ಈ ಸಲ ಕೊಡಬೇಡಿ. ಕಾರಣ ಕೇಳಿದರೆ ಮೈಗೆ ಹುಷಾರಿಲ್ಲ ಎಂದರೆ ಸಾಕು.